ಸಾರಿನ ಗಾಡಿ

ನಮ್ಮೂರು ಬೆಳಗ್ಗೆ ಮೂಡಲಿಗೆ ವಾಲುತ್ತದೆ, ಮಧ್ಯಾಹ್ನದ ಮೇಲೆ ಪಡುವಲಿಗೆ. ನಡುವೆ ಉಂಡು ಎಲೆ ಅಡಿಕೆ ಹಾಕಿಕೊಳ್ಳುವಷ್ಟು ಹೊತ್ತು ಮಟ್ಟಸವಾಗಿ ನಿಲ್ಲುತ್ತದೆ. ಅದನ್ನು ನಾವು ಸಮಹೊತ್ತು ಅನ್ನುತ್ತೇವೆ. ರಾತ್ರಿಯಿಡೀ ಅಲುಗಾಡದೆ ಮಲಗಿರುತ್ತದೆ. ನಾನು ಈ ಊರಿಗೆ ಸೊಸೆಯಾಗಿ ಬಂದ ಮೊದಲ ವಾರ ಗೋಡೆ ಹಿಡಿದುಕೊಂಡು ಓಡಾಡಿದೆ. ಎರಡನೇ ವಾರಕ್ಕೆ ತುಂಬಿದ ಕೊಡ ಸೊಂಟದಲ್ಲಿಟ್ಟುಕೊಂಡು ಏರು ಹತ್ತಿದೆ. ನನ್ನ ಹೆಸರು ಚಿಕ್ಕತಾಯಿ. ಗಟ್ಟಿಗಿತ್ತಿ ಅಂತ ಊರವರು ಹೇಳುತ್ತಾರೆ, ನಾನೂ ಇಲ್ಲ ಅನ್ನಲು ಹೋಗಿಲ್ಲ.

ಇಲ್ಲಿಯವರು ಊರು ವಾಲುವುದರ ಬಗ್ಗೆ ಮಾತಾಡುವುದೇ ಇಲ್ಲ. ಮನೆಗೆ ಎರಡು ದಿಕ್ಕಿಗೆ ಎರಡು ಬಾಗಿಲು, ಗೋಡೆಯ ತುಂಬ ಗೂಟ, ಗೂಟಕ್ಕೆ ನೆಲುವು. ಕೊಡ, ಮಡಕೆ, ದೀಪ ಎಲ್ಲವೂ ತೂಗುಬಿದ್ದಿರುತ್ತವೆ. ಒಲೆಯ ಮೇಲೂ ಪಾತ್ರೆ ಕೂರಿಸುವ ರೂಢಿಯಿಲ್ಲ. ಜಂತೆಯಿಂದ ಇಳಿಬಿಟ್ಟ ಸರಪಳಿಗೆ ನೇತುಹಾಕುತ್ತೇವೆ, ಮನೆ ಎತ್ತ ವಾಲಿದರೂ ಸಾರು ಮಟ್ಟವಾಗಿ ಕುದಿಯುತ್ತದೆ. ಊರಿಗೆ ಇರುವುದು ಒಂದೇ ಉದ್ದ ಬೀದಿ. ಬೆಳಗ್ಗೆ ಗಾಡಿಗಳು ಪಡುವಲ ಕೇರಿಯಿಂದ ಮೂಡಲ ಸಂತೆಗೆ ತಾವಾಗಿ ಇಳಿಯುತ್ತವೆ, ಸಂಜೆ ತಾವಾಗಿ ಮನೆಗೆ ಬರುತ್ತವೆ. ಎತ್ತು ಹೂಡುವ ಗೋಜಿಲ್ಲ. ನಾಲ್ಕು ಸಣ್ಣ ಗಾಲಿ, ಒಂದು ಹಲಗೆ, ಹಿಂದೆ ನೆಲಕ್ಕೆ ಒತ್ತಿ ನಿಲ್ಲಿಸಲು ಒಂದು ದಿಮ್ಮಿ ಇದ್ದರೆ ಗಾಡಿಯಾಯಿತು. ನಡೆದು ಹೋಗುವವರು ಬೀದಿಯಂಚಿನ ಹಗ್ಗವನ್ನು ಎರಡೂ ಕೈಯಲ್ಲಿ ಹಿಡಿದು ಇಳಿಯಬೇಕು, ಅವರು ಆ ತುದಿ ಮುಟ್ಟುವಷ್ಟರಲ್ಲಿ ಬಿಸಿಲು ನೆತ್ತಿಗೆ ಬಂದಿರುತ್ತದೆ.

ಬೀದಿಯ ಮೂಡಲ ತುದಿಯಲ್ಲಿ ಒಂದು ಬಂಡೆಯಿದೆ. ಊರಿಗೆ ಊರೇ ವಾಲಿದರೂ ಅದು ವಾಲುವುದಿಲ್ಲ. ಹಾಗಾಗಿ ಹೆರಿಗೆ ಮನೆಯನ್ನು ಅದರ ಮೇಲೆ ಕಟ್ಟಿದ್ದಾರೆ. ಹುಟ್ಟಿದ ಕೂಸು ಹನ್ನೊಂದು ದಿನವಾದರೂ ಮಟ್ಟಸವಾದ ನೆಲದ ಮೇಲೆ ಮಲಗಬೇಕು, ಆಮೇಲೆ ಊರಿನ ವಾಲಾಟಕ್ಕೆ ತಾನೇ ಹೊಂದಿಕೊಳ್ಳುತ್ತದೆ ಎನ್ನುವುದು ಇಲ್ಲಿಯ ಪದ್ಧತಿ. ಆದರೆ ಬಂಡೆಯ ಸುತ್ತ ಊರಿನ ಹುಲ್ಲಿನ ಮೆದೆಗಳಿವೆ, ಅಲ್ಲಿ ಒಲೆ ಹಚ್ಚುವಂತಿಲ್ಲ. ಬಿಸಿ ಸಾರು ಗಾಡಿಯ ಕುಲುಕಾಟಕ್ಕೆ ನಿಲ್ಲುವುದಿಲ್ಲ, ರಾತ್ರಿ ನಡೆದು ತಂದರೆ ದಾರಿಯಲ್ಲೇ ಆರಿಹೋಗುತ್ತದೆ. ಬಾಣಂತಿಗೆ ಬಿಸಿಲಿಗಿಟ್ಟ ನೀರಿನ ಸ್ನಾನ, ಮನೆಯಿಂದ ಬಂದ ತಣ್ಣನೆ ಅನ್ನ. ನಮ್ಮ ತೌರಿನ ಕಡೆ ಬಾಣಂತಿಗೆ ಹೀಗೆ ಮಾಡಿದರೆ ಅವಳ ತಾಯಿ ಊರಿನ ಮುಂದೆ ತಲೆಯೆತ್ತಿ ತಿರುಗುವಂತಿರಲಿಲ್ಲ. ಇಲ್ಲಿ ಎಲ್ಲ ತಾಯಂದಿರದೂ ಅದೇ ಪಾಡಾದ್ದರಿಂದ ಯಾರೂ ತಲೆ ತಗ್ಗಿಸುತ್ತಿರಲಿಲ್ಲ.

ನಮ್ಮತ್ತೆ ಹೊಂಬಾಳಮ್ಮನವರು ಒಬ್ಬರು ಮಾತ್ರ ಅದನ್ನು ಒಪ್ಪಲಿಲ್ಲ. ಅವರ ಮಗಳು, ಅಂದರೆ ನನ್ನ ನಾದಿನಿ ಮಾದೇವಿಯನ್ನು ಇದೇ ಊರಿನ ನಡುಬೀದಿಗೆ ಕೊಟ್ಟಿದೆ. ನಾಲ್ಕು ವರ್ಷದ ಹಿಂದೆ ಅವಳ ಮೊದಲ ಹೆರಿಗೆ. ಆರನೇ ದಿನ ಅವಳು ನಡುಗುತ್ತಿದ್ದಾಳೆ ಎಂದು ಸುದ್ದಿ ಬಂದಾಗ ಅತ್ತೆ ಯಾರ ಮಾತನ್ನೂ ಕೇಳದೆ, ಕುದಿಯುವ ಮೆಣಸಿನ ಸಾರಿನ ಪಾತ್ರೆಗೆ ಮುಚ್ಚಳ ಬಿಗಿದು, ಗೋಣಿಚೀಲ ಸುತ್ತಿ, ಪಕ್ಕದ ಮನೆಯ ಗಾಡಿಯಲ್ಲಿ ಮಡಿಲಿಗಿಟ್ಟುಕೊಂಡು ಇಳಿದರು. ಎಣ್ಣೆ ಗಾಣದ ತಿರುವಿನಲ್ಲಿ ಗಾಡಿ ಕುಲುಕಿತು, ಹಬೆಗೆ ಮುಚ್ಚಳ ಹಾರಿತು. ಅತ್ತೆಯ ಬಲಗೈ ಮೊಣಕೈಯವರೆಗೆ ಬೆಂದಿತು. ಪಕ್ಕದಲ್ಲಿ ಹಗ್ಗ ಹಿಡಿದು ನಡೆಯುತ್ತಿದ್ದ ಪಟೇಲ ಕೆಂಚೇಗೌಡರ ಎಡಗಾಲಿನ ಮೀನಖಂಡವೂ ಬೆಂದಿತು. ಗೌಡರು ಎರಡು ತಿಂಗಳು ಮಲಗಿದ್ದು ಎದ್ದ ಮೇಲೆ, ಹಬೆಯಾಡುವ ಯಾವ ಪಾತ್ರೆಯೂ ಬೀದಿಗಿಳಿಯಕೂಡದು ಎಂದು ಕಟ್ಟು ಮಾಡಿದರು. ಯಾರೂ ಎದುರಾಡಲಿಲ್ಲ. ಮಾದೇವಿಗೆ ಜ್ವರ ಬಿಡಲು ಮೂರು ತಿಂಗಳು ಹಿಡಿಯಿತು. ಎದೆಹಾಲು ಬತ್ತಿತ್ತು. ಕೂಸು ಉಳಿಯಲಿಲ್ಲ. ಆವತ್ತಿನಿಂದ ಅತ್ತೆ ಬೀದಿ ಬಾಗಿಲಿನ ಹೊಸಿಲು ದಾಟಿರಲಿಲ್ಲ.

ಈಗ ಮಾದೇವಿ ಮತ್ತೆ ಬಸುರಿ. ಎಂಟು ತುಂಬಿ ಒಂಬತ್ತಕ್ಕೆ ಬಿದ್ದಿತ್ತು. ಅವಳು ಮನೆಗೆ ಬಂದು ಹೋದ ದಿನವೆಲ್ಲ ಅತ್ತೆ ಒಲೆಯ ಮುಂದೆಯೇ ಕೂತಿರುತ್ತಿದ್ದರು. ಅಂಥ ಒಂದು ದಿನ, ಸರಪಳಿಯಲ್ಲಿ ತೂಗಿ ಕುದಿಯುತ್ತಿದ್ದ ಹುರುಳಿ ಕಟ್ಟಿನ ಸಾರನ್ನೇ ನೋಡುತ್ತಿದ್ದವಳು ನಾನು ಕೇಳಿದೆ, ಈ ಸರಪಳಿಯನ್ನೇ ಗಾಡಿಯ ಮೇಲೆ ಕಟ್ಟಿದರೆ ಹೇಗೆ ಎಂದು.

"ತೂಗಾಡುತ್ತೆ ಕಣೇ," ಎಂದರು ಅತ್ತೆ. "ಗಾಡಿ ನಿಂತ್ರೂ ಅದು ನಿಲ್ಲಲ್ಲ. ತೊಟ್ಲು ನೋಡಿಲ್ವಾ ನೀನು?"

"ಅದನ್ನ ಆಮೇಲೆ ನೋಡ್ಕೊಳನ ಬಿಡಿ. ಮೊದ್ಲು ಗಾಡಿ ಆಗ್ಲಿ."

"ಮಾಡೋರ್ಯಾರು? ಗೌಡ್ರ ಕಟ್ಟು ಮೀರಿ ಯಾವ ಬಡಗಿ ಉಳಿ ಮುಟ್ತಾನೆ?"

"ನಾನು ಮಾಡ್ತೀನಿ. ನೀವು ಹೇಳ್ಕೊಡಿ."

ಅತ್ತೆ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಅವರು ಬಡಗಿಯ ಮಗಳು. ಅವರಪ್ಪ ಮರ ಕೀಸುವಾಗ ಪಕ್ಕದಲ್ಲಿ ಕೂತು ಬೆಳೆದವರು, ಮರದ ವಾಸನೆ ಹಿಡಿದು ಇದು ಹೊನ್ನೆ, ಇದು ಮತ್ತಿ ಎಂದು ಹೇಳಬಲ್ಲವರು. ಆದರೆ ಬೆಂದ ಮೇಲೆ ಅವರ ಬಲಗೈ ಬೆರಳುಗಳು ಒಳಕ್ಕೆ ಮಡಚಿಕೊಂಡು ಸೌಟು ಹಿಡಿಯುವುದೇ ಕಷ್ಟವಾಗಿತ್ತು. ನನಗೋ ಕೈ ಇತ್ತು, ಅದರಲ್ಲಿ ಯಾವ ವಿದ್ಯೆಯೂ ಇರಲಿಲ್ಲ. ಆವರೆಗೆ ನಾನು ಹೊಡೆದ ಮೊಳೆಯೆಂದರೆ ಕ್ಯಾಲೆಂಡರ್ ನೇತುಹಾಕುವುದಕ್ಕೆ ಹೊಡೆದ ಒಂದೇ ಒಂದು.

ಮಾರನೆಯ ದಿನ ಅತ್ತೆ ತಮ್ಮ ಮಂಚದ ಮೇಲಿನ ಹಾಸಿಗೆ ಸುತ್ತಿ ಕೆಳಗಿಟ್ಟರು. ಅವರ ಮದುವೆಗೆ ಅವರಪ್ಪ ಮಾಡಿಕೊಟ್ಟ ಹೊನ್ನೆ ಮಂಚ ಅದು. ಬೇಡ ಅತ್ತೆ, ಬೇರೆ ಮರ ಹುಡುಕೋಣ ಎಂದೆ. ಈ ಮರ ನಲವತ್ತು ವರ್ಷ ಈ ಊರಲ್ಲಿ ಅತ್ತ ಇತ್ತ ವಾಲಿ ಪಳಗಿದೆ, ಹಸಿ ಮರ ತಂದರೆ ಬಿರುಕು ಬಿಡುತ್ತದೆ, ನಿನಗೆ ತಿಳಿಯದ್ದಕ್ಕೆ ಬಾಯಿ ಹಾಕಬೇಡ ಎಂದು ಗದರಿದರು. ಸೊಳ್ಳೆಪರದೆ ಕಟ್ಟಲೆಂದು ಆಳೆತ್ತರಕ್ಕೆ ಬಿಟ್ಟಿದ್ದ ಮಂಚದ ನಾಲ್ಕು ಕಾಲು ಗಾಡಿಯ ನಾಲ್ಕು ಕಂಬವಾದವು. ಕೊಟ್ಟಿಗೆಯಲ್ಲಿ ಬಿದ್ದಿದ್ದ ಹಳೆಯ ಬಾಗಿಲು ತಳದ ಹಲಗೆಯಾಯಿತು. ಗಾಲಿಗೆ ನಾನು ಬುಡೇನ್ ಸಾಬರ ಸೈಕಲ್ ಷಾಪಿಗೆ ಹೋದೆ.

ಬುಡೇನ್ ಸಾಬರು ಪಂಚರ್ ಹಾಕುತ್ತಿದ್ದರು. ಏತಕ್ಕೆ ಗಾಲಿ ಎಂದು ಕೇಳಿದರು. ಸುಳ್ಳು ಹೇಳಿದರೆ ಸರಿಯಾದ ಗಾಲಿ ಸಿಗುವುದಿಲ್ಲವೆಂದು ನಿಜವನ್ನೇ ಹೇಳಿದೆ. ಅವರು ಸ್ವಲ್ಪ ಹೊತ್ತು ಟ್ಯೂಬನ್ನು ನೀರಿನಲ್ಲಿ ಅದ್ದಿ ಗುಳ್ಳೆ ನೋಡುತ್ತ ಕೂತರು. ಆಮೇಲೆ ತಮ್ಮ ಮನೆಯಾಕೆ ಮೂರು ಸಲ ಆ ಬಂಡೆಯ ಮೇಲೆ ತಣ್ಣನೆ ಅನ್ನ ತಿಂದಿದ್ದಾಳೆ ಎಂದರು. ಒಳಗೆ ಹೋಗಿ ಎರಡು ದೊಡ್ಡ ರಿಮ್ಮು, ಮಕ್ಕಳ ಸೈಕಲ್ಲಿನ ಒಂದು ಮುಂಗಾಲಿಯನ್ನು ಫೋರ್ಕಿನ ಸಮೇತ ತಂದಿಟ್ಟರು. ಸಣ್ಣ ಗಾಲಿ ಪ್ರತಿ ಗುಂಡಿಗೂ ಕುಲುಕುತ್ತದೆ, ದೊಡ್ಡದು ಗುಂಡಿಯನ್ನು ದಾಟಿಕೊಂಡು ಹೋಗುತ್ತದೆ, ನಿಮಗೆ ಬೇಕಾಗಿರುವುದು ಇದು ಎಂದರು. ಲಾರಿ ಟೈರು ಸೀಳಿ ರಿಮ್ಮಿಗೆ ಸುತ್ತಿ ಕಟ್ಟುವುದು ಹೇಗೆಂದು ತೋರಿಸಿಕೊಟ್ಟರು. ಅದೇ ಟೈರಿನ ಎರಡು ತುಂಡು ಬ್ರೇಕಿಗಾಯಿತು. ಹಿಂದೆ ನಿಂತವರು ಒಂದು ಹಲಗೆಯನ್ನು ಕಾಲಿನಿಂದ ತುಳಿದರೆ ಆ ತುಂಡುಗಳು ಎರಡೂ ಗಾಲಿಗೆ ಒತ್ತಿಕೊಳ್ಳುತ್ತವೆ. ಮುಂಗಾಲಿಗೆ ಎರಡು ಹಗ್ಗ. ಎಡದ್ದನ್ನೆಳೆದರೆ ಎಡಕ್ಕೆ, ಬಲದ್ದನ್ನೆಳೆದರೆ ಬಲಕ್ಕೆ.

ಹೇಳುವಷ್ಟು ಸಲೀಸಾಗಿ ಆಗಲಿಲ್ಲ. ಅತ್ತೆ ಮುಕ್ಕಾಲಿಯ ಮೇಲೆ ಕೂತು ಕಡ್ಡಿಯಲ್ಲಿ ತೋರಿಸುವರು, ನಾನು ಕೊರೆಯುವೆ. ಉಳಿಯನ್ನು ತಳ್ಳಬೇಡ, ಅದಕ್ಕೆ ದಾರಿ ತೋರಿಸು, ಅದೇ ಹೋಗುತ್ತದೆ ಎನ್ನುವರು. ಅದು ಹೋಗುತ್ತಿತ್ತು, ನಾನು ತೋರಿಸದ ಕಡೆಗೆ. ಮೊದಲ ಕಂಬದ ಕಚ್ಚು ಎಷ್ಟು ಅಗಲವಾಯಿತೆಂದರೆ ಅದರಲ್ಲಿ ಎರಡು ಹಲಗೆ ಕೂರುತ್ತಿತ್ತು. ಎರಡನೆಯ ಕಂಬವನ್ನು ನಾಲ್ಕು ಬೆರಳು ಗಿಡ್ಡವಾಗಿ ಕೊಯ್ದೆ. ಎಡಗೈ ಹೆಬ್ಬೆರಳಿನ ಉಗುರು ಕಪ್ಪಗಾಯಿತು. ನಮ್ಮ ಮನೆಯವರು ಗಾಣದ ಕೆಲಸ ಮುಗಿಸಿ ಬಂದು, ತಾವು ಮಾಡಿಕೊಡಲೇ ಎಂದು ಒಮ್ಮೆ ಕೇಳಿದರು. ಅತ್ತೆ, ಅವಳಿಗೆ ಈಗ ತಾನೇ ಕೈ ಕುದುರುತ್ತಿದೆ, ನೀನು ಮಧ್ಯೆ ಬರಬೇಡ ಎಂದು ಮಗನನ್ನು ಕಳಿಸಿಬಿಟ್ಟರು. ನನಗೆ ಕೇಳಲೆಂದೇ ಅಷ್ಟು ಗಟ್ಟಿಯಾಗಿ ಹೇಳಿದರೋ ಏನೋ, ಮೂರನೆಯ ಕಂಬದ ಕಚ್ಚು ಒಂದೇ ಏಟಿಗೆ ಹಲಗೆಯನ್ನು ಕಚ್ಚಿ ಹಿಡಿಯಿತು. ಅತ್ತೆ ಅದನ್ನು ಎಡಗೈಯಲ್ಲಿ ಅಲುಗಿಸಿ ನೋಡಿದರು. ಕಡ್ಡಿಯಿಂದ ನಾಲ್ಕನೆಯದನ್ನು ತೋರಿಸಿದರು. ಗಿಡ್ಡ ಕಂಬಕ್ಕೆ ಅಡಿಯಲ್ಲಿ ತುಂಡು ಕೊಟ್ಟು ಬೆಣೆ ಹೊಡೆದೆವು. ಅಗಲ ಕಚ್ಚಿಗೂ ಬೆಣೆ ಹೊಡೆದೆವು. ಹದಿನೈದು ದಿನದಲ್ಲಿ ಮೂರು ಗಾಲಿಯ ಮೇಲೆ ಒಂದು ಚಪ್ಪರದಂಥ ಗಾಡಿ ನಿಂತಿತು. ಕಂಬಗಳ ತಲೆಗೆ ಅಡ್ಡಪಟ್ಟಿ, ಅಡ್ಡಪಟ್ಟಿಯ ನಡುವಿಗೆ ಕೊಕ್ಕೆ, ಕೊಕ್ಕೆಗೆ ಮೂರು ಸರಪಳಿ, ಸರಪಳಿಯ ಕೆಳಗೆ ಪಾತ್ರೆ ಕತ್ತಿನವರೆಗೆ ಕೂರುವ ಕಬ್ಬಿಣದ ಬಳೆ.

ಹಿತ್ತಲಿನ ಇಳಿಜಾರಿನಲ್ಲಿ ತಣ್ಣೀರು ತುಂಬಿ ಬಿಟ್ಟು ನೋಡಿದೆವು. ಗಾಡಿ ಇಳಿಯಿತು, ಪಾತ್ರೆ ಮಟ್ಟವಾಗಿಯೇ ಇತ್ತು. ನನ್ನ ಎದೆ ಉಬ್ಬಿತು. ಬ್ರೇಕು ತುಳಿದೆ. ಗಾಡಿ ನಿಂತಿತು, ಪಾತ್ರೆ ನಿಲ್ಲಲಿಲ್ಲ. ಮುಂದಕ್ಕೆ ತೂಗಿ, ಹಿಂದಕ್ಕೆ ತೂಗಿ, ಅರ್ಧ ನೀರನ್ನು ಕೋಳಿಗಳ ಮೇಲೂ ಉಳಿದದ್ದನ್ನು ನನ್ನ ಮೇಲೂ ಚೆಲ್ಲಿತು. ತೊಟ್ಟಿಲು ನೋಡಿಲ್ಲವಾ ಎಂದು ಅತ್ತೆ ಎರಡನೇ ಸಲ ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು, ಅವರ ಮುಖ ಇಳಿದುಹೋಗಿತ್ತು.

ಮುಂದಿನ ಎಂಟು ದಿನ ಏನೇನೆಲ್ಲ ಮಾಡಿ ನೋಡಿದೆ. ಪಾತ್ರೆಗೆ ನಾಲ್ಕೂ ಕಡೆ ಹಗ್ಗ ಬಿಗಿದೆ. ಅದು ಗಾಡಿಯ ಜೊತೆಗೇ ವಾಲಿತು. ಪಾತ್ರೆಯ ತಳಕ್ಕೆ ರುಬ್ಬುಗುಂಡು ಕಟ್ಟಿದೆ. ನಿಧಾನವಾಗಿ ತೂಗಿ ಇನ್ನೂ ಹೆಚ್ಚು ಚೆಲ್ಲಿತು. ಸರಪಳಿಗೆ ಬಟ್ಟೆ ಸುತ್ತಿದೆ. ಒಂದು ಬೆಳಗ್ಗೆ ಸಿಟ್ಟು ಬಂದು ಖಾಲಿ ಪಾತ್ರೆಯನ್ನು ಕೈಯಿಂದ ಜೋರಾಗಿ ನೂಕಿದೆ. ಮರದ ಹೊಟ್ಟು ಗುಡಿಸಲು ತಂದಿದ್ದ ಕಡ್ಡಿ ಪೊರಕೆಯನ್ನು ಗಾಡಿಯ ಮೂಲೆಗೆ ತಲೆಕೆಳಗಾಗಿ ಒರಗಿಸಿದ್ದೆ. ತೂಗಿಬಂದ ಪಾತ್ರೆಯ ತಳ ಆ ಕಡ್ಡಿಗಳಿಗೆ ಸವರಿತು, ಹಿಂದಕ್ಕೆ ಹೋಯಿತು, ಮತ್ತೆ ಸವರಿತು, ನಿಂತಿತು.

ಅತ್ತೆ ಮುಕ್ಕಾಲಿಯಿಂದ ಎದ್ದರು. "ಇನ್ನೊಂದ್ಸಲ ನೂಕು."

ನೂಕಿದೆ. ಎರಡು ಸಲ ತೂಗಿ ನಿಂತಿತು.

"ಪೊರಕೆ ತೆಗ್ದು ನೂಕು."

ತೆಗೆದು ನೂಕಿದೆ. ನಾವಿಬ್ಬರೂ ನೋಡುತ್ತಲೇ ಇದ್ದೆವು, ಅದು ತೂಗುತ್ತಲೇ ಇತ್ತು. ತೊಟ್ಟಿಲನ್ನು ನಿಲ್ಲಿಸಬೇಕಾದರೆ ನಾವು ಅದನ್ನು ಗಟ್ಟಿಯಾಗಿ ಹಿಡಿಯುವುದಿಲ್ಲ, ಕೂಸು ಏಳುತ್ತದೆ. ಅಂಗೈ ಸವರಿಕೊಂಡು ಹೋಗಲು ಬಿಡುತ್ತೇವೆ. ಅತ್ತೆ ಹೀಗೆ ಹೇಳಿ ತಮ್ಮ ಮಡಚಿದ ಕೈಯನ್ನು ಗಾಳಿಯಲ್ಲಿ ಆಡಿಸಿ ತೋರಿಸಿದರು. ಆವತ್ತೇ ಹೊಸ ಪೊರಕೆಯೊಂದನ್ನು ಮೊಂಡಾಗಿ ಕತ್ತರಿಸಿ ಬಳೆಯಿಂದ ಎರಡು ಕಂಬಿ ಇಳಿಬಿಟ್ಟು, ಪಾತ್ರೆಯ ತಳದ ಕೆಳಗೆ ಬರುವಂತೆ ಕಡ್ಡಿ ಕೆಳಗಾಗಿ ಕಟ್ಟಿದೆವು. ಅದರ ಕೆಳಗೆ, ಹಲಗೆಯ ಮೇಲೆ, ಗಾರೆ ಕೆಲಸದವರ ಹಳೆಯ ಕಬ್ಬಿಣದ ಬಾಂಡ್ಲಿಯನ್ನು ಮೊಳೆ ಹೊಡೆದು ಕೂರಿಸಿದೆವು. ಬಾಂಡ್ಲಿಯ ಒಳಗುಣಿಯಲ್ಲಿ ಪೊರಕೆ ಯಾವ ಕಡೆಗೆ ಹೋದರೂ ಸವರಿಕೊಂಡೇ ಹೋಗಬೇಕು. ತುಂಬಿದ ನೀರಿನೊಂದಿಗೆ ಹತ್ತು ಸಲ ಹಿತ್ತಲು ಇಳಿದೆ, ಹತ್ತು ಸಲ ಬ್ರೇಕು ತುಳಿದೆ. ಕೋಳಿಗಳು ಒದ್ದೆಯಾಗಲಿಲ್ಲ.

ಮರುದಿನ ನಾನು ಪಟೇಲರ ಮನೆಗೆ ಹೋದೆ. ಕದ್ದು ಇಳಿಯುವುದು ನನ್ನ ಜಾಯಮಾನವಲ್ಲ. ಕೆಂಚೇಗೌಡರು ಜಗಲಿಯ ಮೇಲೆ ಕಾಲು ಚಾಚಿ ಕೂತಿದ್ದರು. ಎಡಗಾಲಿನ ಚರ್ಮ ಇನ್ನೂ ಸುಕ್ಕುಸುಕ್ಕಾಗಿ ಹೊಳೆಯುತ್ತಿತ್ತು. ನಾನು ಬಂದ ಕೆಲಸ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡರು.

"ನನ್ನ ಕಾಲು ಸುಟ್ಟಿದ್ದಕ್ಕೆ ಆ ಕಟ್ಟು ಮಾಡಿದ್ದು ಅಂತ ಜನ ಅನ್ಕೊಂಡವ್ರೆ," ಎಂದರು. "ಅವತ್ತು ನನ್ನ ಆ ಪಕ್ಕದಲ್ಲಿ ಮೊಮ್ಮಗಳು ಹಗ್ಗ ಹಿಡ್ಕೊಂಡು ಬರ್ತಿದ್ಲು. ಮೂರು ವರ್ಷದ ಕೂಸು. ನಾನು ಅಡ್ಡ ಇದ್ದೆ, ಅಷ್ಟೆ."

ಇದು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗಾಡಿಯನ್ನು ಒಮ್ಮೆ ನೋಡಿ ಎಂದೆ. ನೋಡಿದ ಮೇಲೆ ಬೇಡವೆಂದರೆ ಅದನ್ನು ಒಡೆದು ಒಲೆಗಿಡುತ್ತೇನೆ ಎಂದೆ. ಅವರು ಕೋಲಿನಿಂದ ನೆಲ ಕೆರೆಯುತ್ತ ಯೋಚಿಸಿದರು. ಕೆಲಸ ಪೂರ್ತಿ ಮುಗಿಯಲಿ, ಅರ್ಧಂಬರ್ಧ ಗಾಡಿಯನ್ನು ನನಗೆ ತೋರಿಸಬೇಡ, ಮುಗಿದಿದೆ ಅಂತ ನಿನ್ನತ್ತೆ ಹೇಳಿದ ದಿನ ನೋಡುತ್ತೇನೆ ಎಂದರು. ನಿನ್ನತ್ತೆ ಎನ್ನುವಾಗ ಅವರ ದನಿಯಲ್ಲಿ ಕಹಿ ಇರಲಿಲ್ಲ.

ಮನೆಗೆ ಬಂದು, ಗಾಡಿ ಮುಗಿದಿದೆ, ನಾಳೆಯೇ ಗೌಡರನ್ನು ಕರೆಯೋಣ ಎಂದರೆ ಅತ್ತೆ ಒಪ್ಪಲಿಲ್ಲ. ಓಡಿದ ಮಾತ್ರಕ್ಕೆ ಗಾಡಿ ಮುಗಿಯಲಿಲ್ಲ ಎಂದರು. ಮೊಮ್ಮಗಳ ವಿಷಯ ಹೇಳಿದಾಗ ಅವರು ಎದ್ದು ಗಾಡಿಯ ಪ್ರತಿ ಅಂಚನ್ನೂ ಎಡಗೈಯಿಂದ ಸವರುತ್ತ ಹೋದರು. ಎಲ್ಲಿ ಒರಟು ತಾಗಿ ಬೆರಳು ನಿಂತಿತೋ ಅಲ್ಲಿ ಇದ್ದಿಲಿನಿಂದ ಗುರುತು ಹಾಕಿದರು. ನಲವತ್ತೊಂದು ಗುರುತು. ಬ್ರೇಕಿನ ಹಲಗೆಯ ಕೆಳಗೆ, ಯಾರ ಕಣ್ಣಿಗೂ ಬೀಳದ ಜಾಗದಲ್ಲೂ ಮೂರು. ಅಲ್ಲಿ ಯಾರು ನೋಡುತ್ತಾರೆ ಎಂದು ಕೇಳಿದೆ. ಸಿಬಿರು ನೋಡುತ್ತದೆ ಎಂದರು.

ಹೀಗಾಗಿ ಇನ್ನೊಂದು ವಾರ ಉಪ್ಪುಕಾಗದದಿಂದ ಮರ ಉಜ್ಜಿದೆ, ಮೊದಲು ಒರಟು ಕಾಗದ, ಆಮೇಲೆ ನಯ. ಮೊಳೆಯ ತಲೆಗಳನ್ನು ಒಳಕ್ಕೆ ಹೊಡೆದು ಮೇಣ ತುಂಬಿದೆ. ಬೆಣೆಗಳ ಉಳಿಕೆಯನ್ನು ಕೊಯ್ದು ಮಟ್ಟ ಮಾಡಿದೆ. ಬೆಚ್ಚಗಿನ ಅಗಸೆ ಎಣ್ಣೆಯನ್ನು ಬಟ್ಟೆಯಲ್ಲಿ ಅದ್ದಿ ತಿಕ್ಕಿದಾಗ ಹಳೆಯ ಹೊನ್ನೆ ಮರದ ಗೆರೆಗಳು ಒಂದೊಂದಾಗಿ ಎದ್ದು ಬಂದವು. ನಿಜ ಹೇಳಬೇಕೆಂದರೆ ಆಗ ನನಗೆ ಸಿಟ್ಟೆಲ್ಲ ಇಳಿಯಿತು. ಈ ಕಂಬಗಳನ್ನು ಕೊರೆದವಳು ನಾನೇ ಎಂದು ನಂಬುವುದಕ್ಕಾಗಿ ಬೆಳಗ್ಗೆ ಎದ್ದ ಕೂಡಲೇ ಹೋಗಿ ನೋಡಿಬರುತ್ತಿದ್ದೆ. ಕೊನೆಗೆ ತಳದ ಹಲಗೆಗೂ ಪಕ್ಕದ ಪಟ್ಟಿಗಳಿಗೂ ಕೆಮ್ಮಣ್ಣು ಕಲೆಸಿದ ಎಣ್ಣೆ ಹಚ್ಚಿದೆವು, ದೂರದಿಂದಲೇ ಜನರಿಗೆ ಕಂಡು ದಾರಿ ಬಿಡಲಿ ಎಂದು. ಮುಂದೆ ಒಂದು ಗಂಟೆ ಕಟ್ಟಿದೆವು. ಬಣ್ಣ ಒಣಗಲು ನಾಲ್ಕು ದಿನ ಬೇಕು, ಸೋಮವಾರ ಗೌಡರಿಗೆ ಹೇಳಿಕಳಿಸು ಎಂದರು ಅತ್ತೆ.

ಕೂಸು ಸೋಮವಾರದವರೆಗೆ ಕಾಯಲಿಲ್ಲ. ಶನಿವಾರ ಊರು ಇನ್ನೂ ವಾಲುವ ಮುಂಚೆ, ಮಸುಕು ಬೆಳಕಿನಲ್ಲಿ, ಮಾದೇವಿಯ ಗಂಡ ಏದುಸಿರು ಬಿಡುತ್ತ ಓಡಿಬಂದ. ಹಿಂದಿನ ದಿನ ಬೆಳಗ್ಗೆ ನೋವು ಬಂತೆಂದು ಅವರ ಮನೆಯವರೇ ಅವಳನ್ನು ಬಂಡೆಗೆ ಇಳಿಸಿದ್ದರಂತೆ. ಹನ್ನೆರಡು ದಿನ ಮುಂಚೆಯೇ ಹೆರಿಗೆ. ಹೆಣ್ಣು ಕೂಸು, ಚೆನ್ನಾಗಿದೆ. ಆದರೆ ಮಾದೇವಿಗೆ ನಡುರಾತ್ರಿಯಿಂದ ನಡುಕ ಹಿಡಿದಿದೆ ಎಂದ.

ಅತ್ತೆ ಒಳಗೆ ಹೋದರು. ನಾನು ಒಲೆ ಹಚ್ಚುವಷ್ಟರಲ್ಲಿ ಅವರು ಎಡಗೈಯಲ್ಲೇ ಮೆಣಸು ಜಜ್ಜುತ್ತಿದ್ದರು. ಬೆಳ್ಳುಳ್ಳಿ, ಜೀರಿಗೆ, ಕರಿಬೇವು, ತುಪ್ಪದ ಒಗ್ಗರಣೆ. ಮೆತ್ತನೆ ಅನ್ನ ಬೇರೆ ಡಬರಿಯಲ್ಲಿ. ಕುದಿಯುತ್ತಿದ್ದ ಸಾರಿನ ಪಾತ್ರೆಯನ್ನು ಒಲೆಯ ಸರಪಳಿಯಿಂದ ಬಿಡಿಸಿ ಗಾಡಿಯ ಬಳೆಗೆ ಕೂರಿಸುವ ಹೊತ್ತಿಗೆ ಊರು ಮೂಡಲಿಗೆ ವಾಲಿ ಆಗಿತ್ತು. ಗಾಡಿಯ ಬಣ್ಣ ಇನ್ನೂ ಕೈಗಂಟುತ್ತಿತ್ತು. ನಾನು ಹಿಂದಿನ ಹಲಗೆಯ ಮೇಲೆ ಹತ್ತಿ ನಿಂತು ನೋಡಿದರೆ, ಅತ್ತೆ ಬಾಗಿಲಲ್ಲಿ ನಿಂತಿದ್ದರು. ಸೆರಗು ಬಿಗಿದು ಸೊಂಟಕ್ಕೆ ಸಿಕ್ಕಿಸಿದ್ದರು. ಬಲಗಾಲನ್ನು ಹೊಸಿಲಿನಾಚೆ ಇಟ್ಟು, ಒಂದು ಗಳಿಗೆ ತಡೆದು, ಎಡಗಾಲನ್ನೂ ಇಟ್ಟರು. ನೇರವಾಗಿ ಬಂದು ಗಾಡಿಯ ಮುಂದಲೆಯಲ್ಲಿ, ಪಾತ್ರೆಗೆ ಬೆನ್ನು ಕೊಟ್ಟು ಕೂತರು. ಅಲ್ಲಿ ಬೇಡ ಅತ್ತೆ, ಚೆಲ್ಲಿದರೆ ಮೊದಲು ನಿಮ್ಮ ಮೇಲೆಯೇ ಎಂದೆ. ಅದಕ್ಕೇ ಕೂತಿದ್ದೀನಿ ಎಂದರು.

ಪಟೇಲರ ಮನೆ ನಮ್ಮ ಮನೆಯಿಂದ ನಾಲ್ಕು ಬಾಗಿಲು ಕೆಳಗೆ. ಹಬೆ ಅವರಿಗೆ ದೂರದಿಂದಲೇ ಕಂಡಿರಬೇಕು, ಕೋಲು ಊರಿಕೊಂಡು ಬೀದಿಯ ನಡುವೆ ಬಂದು ನಿಂತರು. ನಾನು ಬ್ರೇಕು ತುಳಿದೆ. ಆಚೀಚೆ ಬಾಗಿಲುಗಳಲ್ಲಿ ಜನ ನೆರೆದರು. ಮಾದೇವಿಗೆ ನಡುಕ ಬಂದಿರುವುದನ್ನು ನಾನು ಹೇಳಿದೆ. ಅವರು ಗಾಡಿಯ ಸುತ್ತ ಒಂದು ಸುತ್ತು ಬಂದರು. ಅಂಚು ಸವರಿದರು, ಅಂಗೈ ಕೆಂಪಾಯಿತು. ಬಗ್ಗಿ ಬೆಣೆಗಳನ್ನು ನೋಡಿದರು. ಕೋಲಿನ ತುದಿಯಿಂದ ಬಳೆಯನ್ನು ಒಮ್ಮೆ ಜೋರಾಗಿಯೇ ನೂಕಿದರು. ಪೊರಕೆ ಬಾಂಡ್ಲಿಯಲ್ಲಿ ಕರಕರ ಎಂದು ಸದ್ದು ಮಾಡಿತು, ಸಾರು ಕಂಠದವರೆಗೆ ಏರಿ ಇಳಿಯಿತು, ನಿಂತಿತು.

"ಮುಗಿದದೇನಮ್ಮ ಗಾಡಿ?" ಎಂದು ಅವರು ಅತ್ತೆಯನ್ನು ಕೇಳಿದರು. ನಾಲ್ಕು ವರ್ಷದಲ್ಲಿ ಅವರಿಬ್ಬರ ನಡುವೆ ಆದ ಮೊದಲ ಮಾತು.

"ಬಣ್ಣ ಒಣಗಿಲ್ಲ ಗೌಡ್ರೆ," ಎಂದರು ಅತ್ತೆ. "ಬಾಕಿ ಎಲ್ಲ ಮುಗಿದದೆ."

ಗೌಡರು ಕೋಲನ್ನು ಯಾರದೋ ಕೈಗೆ ಕೊಟ್ಟರು. "ಒಸಿ ಜರುಗು," ಎಂದು ಹೇಳಿ ಅತ್ತೆಯ ಪಕ್ಕದಲ್ಲಿ ಕೂತರು. ಸುಟ್ಟ ಕಾಲನ್ನು ಹಿಂದಕ್ಕೆ ಮಡಚಿಕೊಂಡರು. ಅದು ಬಾಂಡ್ಲಿಯ ಅಂಚಿಗೆ ತಾಗುತ್ತಿತ್ತು. ತಿರುಗಿ ನನ್ನನ್ನು ನೋಡಿ, "ಬಿಡು," ಎಂದರು.

ಮೂವರ ಭಾರದಲ್ಲಿ ಆ ಗಾಡಿಯನ್ನು ನಾನು ಎಂದೂ ಓಡಿಸಿರಲಿಲ್ಲ. ಹಾಗಂತ ಹೇಳಲು ಅದು ಹೊತ್ತೂ ಅಲ್ಲ. ಕಾಲು ಸಡಿಲಿಸಿದೆ. ದೊಡ್ಡ ಗಾಲಿಗಳು ಮೊದಲು ನಿಧಾನವಾಗಿ, ಆಮೇಲೆ ತಮ್ಮದೇ ಲಯ ಹಿಡಿದು ಉರುಳಿದವು. ಗಂಟೆ ಬಡಿಯುತ್ತಿತ್ತು. ಗುಂಡಿಗಳ ಮೇಲೆ ಗಾಲಿ ಬುಡೇನ್ ಸಾಬರು ಹೇಳಿದಂತೆಯೇ ದಾಟಿಕೊಂಡು ಹೋಯಿತು. ನನ್ನ ಕಣ್ಣು ಪಾತ್ರೆಯ ಕಂಠದ ಮೇಲೆ, ಕಾಲು ಬ್ರೇಕಿನ ಮೇಲೆ. 'ತುಳಿಯಬೇಡ, ಒತ್ತು' ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಅತ್ತೆ ಒಮ್ಮೆಯೂ ಹಿಂದೆ ತಿರುಗಿ ನೋಡಲಿಲ್ಲ. ಹಗ್ಗ ಹಿಡಿದು ನಡೆಯುತ್ತಿದ್ದವರು ಗೌಡರನ್ನು ನೋಡಿ ನಿಂತಲ್ಲೇ ನಿಂತರು.

ಗಾಣದ ತಿರುವು ಬಂತು. ಅಲ್ಲಿ ಬೀದಿ ಎಲ್ಲಕ್ಕಿಂತ ಕಡಿದು. ಬಲದ ಹಗ್ಗ ಎಳೆದು ಗಾಡಿ ತಿರುಗಿಸಿದ ಕೂಡಲೇ ಎದುರಿಗೆ, ಬೀದಿಗೆ ಅಡ್ಡವಾಗಿ, ಹಿಂಡಿಯ ಮೂಟೆಗಳ ಗಾಡಿಯೊಂದು ಮಗುಚಿ ಬಿದ್ದಿರುವುದು ಕಂಡಿತು. ಪಕ್ಕದಲ್ಲಿ ಒಂದು ಗಾಡಿ ಹೋಗುವಷ್ಟು ಜಾಗವಿತ್ತು, ನಮ್ಮ ವೇಗಕ್ಕೆ ಅದು ಸಾಲದು. ನಾನು ಪೂರ್ತಿ ಭಾರ ಹಾಕಿ ತುಳಿದೆ. ಟೈರಿನ ತುಂಡುಗಳು ಕೀರಲಾಗಿ ಕೂಗಿದವು, ರಬ್ಬರು ಸುಟ್ಟ ವಾಸನೆ ಬಂತು. ಪಾತ್ರೆ ಮುಂದಕ್ಕೆ ತೂಗಿತು. ಇಬ್ಬರ ಬೆನ್ನಿನ ಮೇಲೆ ಸಾರಿನ ಅಂಚು ಏರುವುದನ್ನು ನಾನು ನೋಡಿದೆ. ಪೊರಕೆ ಬಾಂಡ್ಲಿಯನ್ನು ಉದ್ದಕ್ಕೂ ಕೆರೆಯಿತು. ಪಾತ್ರೆ ಅತ್ತೆಯ ಬೆನ್ನಿಗೆ ಒಂದು ಗೇಣು ಉಳಿದಿರುವಾಗ ತಡೆದು, ಹಿಂದಕ್ಕೆ ಬಂದು, ಮತ್ತೊಮ್ಮೆ ಸಣ್ಣಗೆ ಹೋಗಿ ನಿಂತಿತು. ಗಾಡಿ ಮೂಟೆಗಳ ಪಕ್ಕದಲ್ಲಿ ಆಮೆಯಂತೆ ನುಸುಳಿತು.

ಗೌಡರು ತಿರುಗಿ ಬಾಂಡ್ಲಿಯೊಳಗೆ ನೋಡಿದರು. ಮೂರು ಚಮಚದಷ್ಟು ಸಾರು ಪಾತ್ರೆಯ ಹೊರಮೈಯಿಂದ ಇಳಿದು ಅಲ್ಲಿ ನಿಂತಿತ್ತು. ತಮ್ಮ ಕಾಲನ್ನು ಮುಟ್ಟಿ ನೋಡಿಕೊಂಡರು. ಒಣಗಿಯೇ ಇತ್ತು. ಪಕ್ಕದಲ್ಲಿ ಅತ್ತೆ ಉಸಿರು ಬಿಟ್ಟಿದ್ದು ಹಿಂದೆ ನಿಂತ ನನಗೆ ಕೇಳಿಸಿತು.

ಬಂಡೆಯ ಅಂಚಿಗೆ ಗಾಡಿ ತಾಗಿಸಿ ಗಾಲಿಗೆ ಕಲ್ಲು ಕೊಟ್ಟೆ. ಹೆರಿಗೆ ಮನೆಯ ಒಳಗೆ ನಾಲ್ಕು ಹಾಸಿಗೆ, ನಾಲ್ವರು ಬಾಣಂತಿಯರು. ಮಾದೇವಿ ಗೋಡೆಯ ಕಡೆಗೆ ಮುದುರಿಕೊಂಡಿದ್ದಳು, ಎರಡು ಕಂಬಳಿ ಹೊದೆಸಿದ್ದರೂ ಹಲ್ಲು ಕಟಕಟಿಸುತ್ತಿತ್ತು. ಅವಳ ಪಕ್ಕದಲ್ಲಿ ಕೆಂಪಗೆ, ಮುಷ್ಟಿ ಬಿಗಿದುಕೊಂಡು, ಕೂಸು ನಿದ್ದೆ ಹೋಗಿತ್ತು. ಅತ್ತೆಯನ್ನು ಅಲ್ಲಿ ನೋಡಿ ಮಾದೇವಿ ಮೊದಲು ಗುರುತೇ ಹಿಡಿಯಲಿಲ್ಲವೇನೋ ಎಂಬಂತೆ ನೋಡಿದಳು. ಆಮೇಲೆ ಅಳಲು ಶುರುಮಾಡಿದಳು. ಅಳೋದಕ್ಕೆ ಆಮೇಲೆ ಹೊತ್ತಿದೆ ಎಂದು ಅತ್ತೆ ಅವಳನ್ನು ಎಬ್ಬಿಸಿ ಗೋಡೆಗೆ ಒರಗಿಸಿ ಕೂರಿಸಿದರು. ನಾನು ಬಟ್ಟಲಿಗೆ ಮೆತ್ತನೆ ಅನ್ನ ಹಾಕಿ ಮೇಲೆ ಸಾರು ಸುರಿದೆ. ಮೆಣಸಿನ ಘಾಟು, ತುಪ್ಪದ ವಾಸನೆ ಕೋಣೆಯ ತುಂಬ ಹರಡಿತು. ಉಳಿದ ಮೂವರೂ ತಲೆಯೆತ್ತಿ ನೋಡಿದರು.

ಮಾದೇವಿ ಆತುರದಲ್ಲಿ ಬಟ್ಟಲನ್ನು ತುಟಿಗಿಟ್ಟು ಒಂದು ದೊಡ್ಡ ಗುಟುಕು ಎಳೆದಳು. ತಟ್ಟನೆ ಕೆಳಗಿಳಿಸಿದಳು. ಕಣ್ಣಲ್ಲಿ ನೀರು, ಬಾಯಿ ತೆರೆದುಕೊಂಡು ಗಾಳಿ ಹಾಕಿಕೊಂಡಳು.

"ಅತ್ತಿಗೆ, ಬಾಯಿ ಸುಟ್ತು," ಎಂದಳು.

ಬಾಗಿಲಿನಾಚೆ ನಿಂತಿದ್ದ ಗೌಡರು ಅದನ್ನು ಕೇಳಿಸಿಕೊಂಡರು. ಕೆಂಪಾದ ಅಂಗೈಯನ್ನು ಪಂಚೆಗೆ ಒರೆಸಿಕೊಳ್ಳುತ್ತ, ನಾಳೆ ಗಾಡಿ ಎಷ್ಟು ಹೊತ್ತಿಗೆ ಹೊರಡುತ್ತದೆ ಎಂದು ನನ್ನನ್ನು ಕೇಳಿದರು. ಊರು ವಾಲಿದ ತಕ್ಷಣ ಎಂದೆ. ಅವರು ತಲೆಯಾಡಿಸಿ ಸಂತೆಯ ಕಡೆಗೆ ಕುಂಟುತ್ತ ಹೋದರು. ಅಷ್ಟರಲ್ಲಿ ಪಕ್ಕದ ಹಾಸಿಗೆಯವಳು ತನ್ನ ಬಟ್ಟಲನ್ನು ನನ್ನ ಮುಂದೆ ಹಿಡಿದಿದ್ದಳು, ಅವಳ ಹಿಂದೆ ಇನ್ನೆರಡು ಕೈ. ನಾನು ಸೌಟು ತೆಗೆದುಕೊಂಡೆ. ಅತ್ತೆ ಮಗಳ ಬಟ್ಟಲಿಗೆ ತಮ್ಮ ಮಡಚಿದ ಕೈಯನ್ನು ಆಸರೆ ಕೊಟ್ಟು, "ಊದ್ಕೊಂಡು ಕುಡಿ ಮಗ," ಎಂದರು, "ಊದ್ಕೊಂಡು."